ಒಳಗಿನಿಂದ ಸೋತ ಗೋಪುರ

ಫ್ರಾನ್ಸಿನಲ್ಲಿ, ಪ್ಯಾರಿಸ್ ನಗರದ ಈಶಾನ್ಯಕ್ಕೆ ಕೂಸಿ ಎಂಬ ಪುಟ್ಟ ಊರಿದೆ. ಅಲ್ಲಿನ ಗುಡ್ಡದ ಮೇಲಿರುವ ಪಾಳು ಕೋಟೆಯಲ್ಲಿ ದೊಡ್ಡದೊಂದು ಕಲ್ಲುರಾಶಿ ಕಾಣುತ್ತದೆ. ಮಧ್ಯಯುಗದ ಯೂರೋಪಿನ ಅತಿ ದೊಡ್ಡ ಕೋಟೆಗೋಪುರಗಳಲ್ಲಿ ಒಂದು ನಿಂತಿದ್ದ ಜಾಗವದು.

1220ರ ದಶಕದಲ್ಲಿ ಅದನ್ನು ಕಟ್ಟಿಸತೊಡಗಿದವನು ಅರಸನಲ್ಲ. ಅರಸನ ಅಧೀನದಲ್ಲಿದ್ದ ಪಾಳೆಯಗಾರ ಮೂರನೇ ಆಂಗೆರಾಂ. ಗೋಪುರದ ಎತ್ತರ ಸುಮಾರು 55 ಮೀಟರ್, ವ್ಯಾಸ ಸುಮಾರು 31 ಮೀಟರ್. ಪ್ಯಾರಿಸ್ಸಿನ ಲೂವ್ರ್ ಕೋಟೆಯಲ್ಲಿ ದೊರೆ ಫಿಲಿಪ್ ಆಗಸ್ಟಸ್ ಕಟ್ಟಿಸಿದ್ದ ಗೋಪುರದ ವ್ಯಾಸ ಇದರ ಅರ್ಧದಷ್ಟೇ. ಆಂಗೆರಾಂನ ಕಟ್ಟಡದಲ್ಲಿ ರಕ್ಷಣೆಯ ಜೊತೆಗೆ ಸವಾಲೂ ಇತ್ತೆನ್ನಬಹುದು.

ಗೋಪುರ ದುಂಡಗಿರುವುದಕ್ಕೆ ಕಾರಣವಿತ್ತು. ಮೂಲೆಯ ಕಲ್ಲು ಕಿತ್ತು ಗೋಡೆ ಕೆಡಹುವುದು ಶತ್ರುಗಳ ಹಳೆಯ ಉಪಾಯ. ದುಂಡು ಗೋಡೆಗೆ ಮೂಲೆಯೇ ಇಲ್ಲ. ಬುಡದಲ್ಲಿ ಗೋಡೆಯ ದಪ್ಪ 7 ಮೀಟರಿಗೂ ಹೆಚ್ಚು. ಸುತ್ತ ಕಂದಕ, ಬಾಗಿಲಿಗೆ ಎತ್ತುಸೇತುವೆ. ಒಳಗೆ ಒಂದರ ಮೇಲೊಂದು ಮೂರು ವಿಶಾಲ ಅಂಕಣಗಳು. ಪ್ರತಿಯೊಂದಕ್ಕೂ ಕಲ್ಲಿನ ಕಮಾನು ಚಾವಣಿ. ಮೆಟ್ಟಿಲು ಗೋಡೆಯ ದಪ್ಪದೊಳಗೇ ಅಡಗಿತ್ತು. ನೀರಿಗೆ ಗೋಪುರದೊಳಗೇ ಬಾವಿ. ಕೋಟೆಯ ಉಳಿದ ಭಾಗ ಶತ್ರುವಿನ ಕೈಸೇರಿದರೂ ಇಲ್ಲಿ ಬಾಗಿಲು ಹಾಕಿಕೊಂಡು ಹೋರಾಡಬಹುದಿತ್ತು.

ಇಷ್ಟೆಲ್ಲ ಎಚ್ಚರಿಕೆ ಹೊರಗಿನ ಶತ್ರುವಿಗಾಗಿ. ಆದರೆ ಅಪಾಯ ಬಂದದ್ದು ಒಳಗಿನಿಂದ. 1652ರಲ್ಲಿ, ಒಳದಂಗೆಯ ಕಾಲದಲ್ಲಿ, ಫ್ರಾನ್ಸಿನ ಪ್ರಧಾನಿ ಮಜಾರಿನ್ ಈ ಕೋಟೆಯನ್ನು ನಿರುಪಯುಕ್ತಗೊಳಿಸಲು ಆಜ್ಞಾಪಿಸಿದ. ಗೋಪುರದೊಳಗೆ ಇಟ್ಟ ಮದ್ದು ಸಿಡಿದು ಚಾವಣಿಗಳು ಕುಸಿದವು. ಗೋಡೆ ಮಾತ್ರ ನಿಂತಿತು. 1692ರ ಭೂಕಂಪವನ್ನೂ ಅದು ತಾಳಿಕೊಂಡಿತು. 19ನೇ ಶತಮಾನದಲ್ಲಿ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್ ಬಿರುಕುಬಿಟ್ಟ ಗೋಡೆಗೆ ಕಬ್ಬಿಣದ ಪಟ್ಟಿ ಬಿಗಿಸಿ ಭದ್ರಪಡಿಸಿದ.

ಮೊದಲ ಮಹಾಯುದ್ಧದಲ್ಲಿ ಅದೃಷ್ಟ ಕೈಕೊಟ್ಟಿತು. 1917ರ ಮಾರ್ಚಿನಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯಕ್ಕೆ ಜನರಲ್ ಲುಡೆನ್‌ಡಾರ್ಫ್ ಕೋಟೆಯನ್ನು ಉಡಾಯಿಸುವಂತೆ ಆದೇಶಿಸಿದ. ಉಳಿಸಬೇಕೆಂದು ಜರ್ಮನ್ ಸೇನಾಪತಿಯೇ ಆದ ಬವೇರಿಯಾದ ಯುವರಾಜ ರುಪ್ರೆಕ್ಟ್ ಕೇಳಿಕೊಂಡರೂ ಫಲವಾಗಲಿಲ್ಲ. 28 ಟನ್ನಿಗೆ ಕಡಿಮೆಯಿಲ್ಲದಷ್ಟು ಸ್ಫೋಟಕಕ್ಕೆ ಏಳು ಶತಮಾನಗಳ ಕಟ್ಟಡ ಕ್ಷಣಾರ್ಧದಲ್ಲಿ ನೆಲಸಮವಾಯಿತು.

ಯುದ್ಧಾನಂತರ ಪರಿಹಾರದ ಹಣದಿಂದ ಕೋಟೆಯ ಗೋಡೆಗಳನ್ನು ಭದ್ರಪಡಿಸಲಾಯಿತು. ಮಹಾಗೋಪುರವನ್ನು ಮಾತ್ರ ಮತ್ತೆ ಕಟ್ಟಲಿಲ್ಲ. ಕಲ್ಲುರಾಶಿಯನ್ನು ಯುದ್ಧದ ಸಾಕ್ಷಿಯಾಗಿ ಹಾಗೆಯೇ ಬಿಡಲಾಯಿತು. ಇಂದು ಕೂಸಿಗೆ ಬರುವವರು ಗೋಪುರದ ಎತ್ತರವನ್ನು ಆ ರಾಶಿಯಿಂದಲೇ ಊಹಿಸಿಕೊಳ್ಳಬೇಕು.