ಟ್ಯಾಂಗ್ರಾ: ಒಂದು ತೊಗಲಿನ ಕೇರಿಯ ಚರಿತ್ರೆ

ಕಲ್ಕತ್ತ ಶಹರದ ಪೂರ್ವದ ಅಂಚಿನಲ್ಲಿ ಟ್ಯಾಂಗ್ರಾ ಅಂತ ಒಂದು ಕೇರಿ ಇದೆ. ಅದರ ಮಠೇಶ್ವರತಲಾ ರಸ್ತೆಯ ಅಕ್ಕಪಕ್ಕ ಎತ್ತರದ ಗೋಡೆಗಳು, ಕಬ್ಬಿಣದ ದೊಡ್ಡ ಗೇಟುಗಳು, ಅಲ್ಲಲ್ಲಿ ಚೀನೀ ಅಕ್ಷರಗಳು. ಈಗ ಆ ಗೇಟುಗಳ ಒಳಗೆ ಹೋಟೆಲುಗಳಿವೆ. ಸಂಜೆಯಾದರೆ ಜನ ಕಾರುಗಳಲ್ಲಿ ಬಂದು ನೂಡಲ್ಸ್ ತಿಂದು ಹೋಗುತ್ತಾರೆ. ನಮ್ಮ ತಾಲ್ಲೂಕಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುವ ಗೋಬಿ ಮಂಚೂರಿ ಗಾಡಿಗೂ ಕಲ್ಕತ್ತದ ಚೀನೀಯರ ಅಡುಗೆಗೂ ನಂಟುಂಟು. ಪತ್ರಿಕೆಗಳು ಈ ಬೀದಿಯನ್ನು ಹೊಗಳುವುದೂ ಊಟದ ಲೆಕ್ಕದಲ್ಲೇ. ಆದರೆ ಈ ಗೋಡೆಗಳನ್ನು ಎಬ್ಬಿಸಿದ್ದು ಅಡುಗೆಗಲ್ಲ, ತೊಗಲು ಹದ ಮಾಡೋದಕ್ಕೆ. ಈ ದೇಶದಲ್ಲಿ ತೊಗಲು ಅಂದ ಮೇಲೆ ಜಾತಿ ಬಾರದೆ ಇರುತ್ತದೆಯೇ?

ಕಥೆ ಇನ್ನೂರು ವರ್ಷಕ್ಕೂ ಹಿಂದಿನದು. ವಾರನ್ ಹೇಸ್ಟಿಂಗ್ಸನ ಕಾಲದಲ್ಲಿ ತಾಂಗ್ ಅಚ್ಯೂ ಎಂಬ ಚೀನೀ ವ್ಯಾಪಾರಿ ಬಂದ. ಬಜ್‌ಬಜ್ ಹತ್ತಿರ ಹೂಗ್ಲಿ ನದಿಯ ದಂಡೆಯಲ್ಲಿ ಅವನಿಗೆ ಜಮೀನು ಸಿಕ್ಕಿತು. ಅಲ್ಲಿ ಸಕ್ಕರೆ ಕಾರ್ಖಾನೆ ಹಾಕಿ, ಚೀನಾದ ಕೂಲಿಗಳನ್ನು ಕರಾರಿನ ಮೇಲೆ ದುಡಿಸಿದ. ಕೂಲಿಗಳು ಬಿಟ್ಟು ಹೋಗತೊಡಗಿದಾಗ ಕಂಪನಿ ಸರ್ಕಾರಕ್ಕೆ ದೂರು ಕೊಟ್ಟ. ಕರಾರಿನಲ್ಲಿರುವ ಕೂಲಿಗಳನ್ನು ಯಾರೂ ಸೆಳೆದುಕೊಳ್ಳಬಾರದು ಅಂತ ಸರ್ಕಾರ 1781ರಲ್ಲಿ ಜಾಹೀರು ಹೊರಡಿಸಿತು. ಮಾಲೀಕನ ಸಮಾಧಿ ಇವತ್ತಿಗೂ ಇದೆ, ಆ ಊರಿಗೆ ಅವನ ಹೆಸರಿನಿಂದಲೇ ಅಚೀಪುರ ಅನ್ನುತ್ತಾರೆ. ಓಡಿಹೋದ ಕೂಲಿಗಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಆಮೇಲೆ ಬಂದ ಚೀನೀಯರು ಶಹರದ ನಡುವೆ ಟಿರೆಟ್ಟಾ ಬಜಾರಿನ ಸುತ್ತ ನೆಲೆ ನಿಂತರು. ಕ್ಯಾಂಟನ್ ಕಡೆಯವರು ಬಡಗಿ ಕೆಲಸ ಹಿಡಿದರು. ಹೂಬೆಯ್ ಪ್ರಾಂತದವರು ಹಲ್ಲು ಕಟ್ಟುವ ಕಸುಬಿಗೆ ಇಳಿದರು. ಹಕ್ಕಾ ಜನ ಬೂಟು ಹೊಲಿದರು, ಬೆಂಟಿಂಕ್ ಸ್ಟ್ರೀಟಿನಲ್ಲಿ ಅಂಗಡಿ ಇಟ್ಟರು. ಹಕ್ಕಾ ಅಂದರೆ ಅವರ ಮಾತಿನಲ್ಲಿ ಅತಿಥಿ ಜನ ಅಂತ. ಚೀನಾದಲ್ಲೂ ಅವರನ್ನು ಹೊರಗಿನಿಂದ ಬಂದವರು ಅಂತಲೇ ಕಾಣುತ್ತಿದ್ದರು.

ಬೂಟಿನಿಂದ ತೊಗಲಿಗೆ ಒಂದೇ ಹೆಜ್ಜೆ. 1910ರ ಸುಮಾರಿಗೆ ಹಕ್ಕಾಗಳು ಟ್ಯಾಂಗ್ರಾಕ್ಕೆ ಹೋಗಿ ಹದ ಮಾಡುವ ಕೆಲಸ ಶುರು ಮಾಡಿದರು. ಜಾಗ ಎಂಥದು ನೋಡಿ. ಜೌಗು ನೆಲ. ಹತ್ತಿರದಲ್ಲಿ ಕಸಾಯಿಖಾನೆ. ಅದರಾಚೆ ಇಡೀ ಶಹರದ ಕಸ ತಂದು ಸುರಿಯುವ ಧಾಪಾ. ಊರಿನ ಹೊಲಸು ಯಾವ ದಿಕ್ಕಿಗೆ ಹೋಗುತ್ತದೋ ಆ ದಿಕ್ಕಿನಲ್ಲಿ ಕೇರಿ. ಇದನ್ನು ನಮ್ಮ ಹಳ್ಳಿಗಳ ನಕ್ಷೆ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ದುಡ್ಡಿದ್ದ ಮೇಲ್ಜಾತಿಯವರು ಈ ಕಸುಬಿಗೆ ಯಾಕೆ ಇಳಿಯಲಿಲ್ಲ? ಸತ್ತ ದನದ ತೊಗಲು ಮುಟ್ಟಿದರೆ ಮೈಲಿಗೆ. ಮೆಟ್ಟು ಮಾತ್ರ ಎಲ್ಲರ ಕಾಲಿಗೂ ಬೇಕು. ಶಾಸ್ತ್ರ ಮಾಡಿದ ಈ ಖಾಲಿ ಜಾಗದಲ್ಲಿ ಮುಸಲ್ಮಾನರೂ ಚೀನೀಯರೂ ಕಾಲೂರಿದರು. ಎರಡು ಮಹಾಯುದ್ಧಗಳಲ್ಲಿ ಸೈನ್ಯಕ್ಕೆ ಬೂಟು, ಪಟ್ಟಿ ಬೇಕಾದಾಗ ಕೆಲಸ ಬೆಳೆಯಿತು. 1980ರ ದಶಕದ ಹೊತ್ತಿಗೆ ಟ್ಯಾಂಗ್ರಾದಲ್ಲಿ ಮುನ್ನೂರರ ಹತ್ತಿರ ಚೀನೀಯರ ಕಾರ್ಖಾನೆಗಳಿದ್ದವು.

ಹಾಗಾದರೆ ತಲೆತಲಾಂತರದಿಂದ ತೊಗಲಿನ ಕೆಲಸ ಬಲ್ಲವರು ಎಲ್ಲಿ ಹೋದರು? ಅವರೂ ಆ ಗೋಡೆಗಳ ಒಳಗೇ ಇದ್ದರು, ಕೂಲಿಗಳಾಗಿ. ಬಿಹಾರದಿಂದ ಬಂದ ಚಮಾರ ಜಾತಿಯ ದಲಿತರು ಉಪ್ಪು ಹಾಕಿದ ಹಸಿ ತೊಗಲನ್ನು ಹೊತ್ತರು, ಸುಣ್ಣದ ತೊಟ್ಟಿಯಲ್ಲಿ ನೆನೆಹಾಕಿದರು, ಕೂದಲು ಮಾಂಸ ಹೆರೆದರು, ಕ್ರೋಮ್ ನೀರಿನಲ್ಲಿ ಕೈ ಅದ್ದಿದರು. ಹಕ್ಕಾ ಕುಟುಂಬಗಳೂ ಮೈಮುರಿದು ದುಡಿದವು, ಹೆಂಗಸರೂ ದುಡಿದರು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವರಿಗೆ ಬಂಧುಬಳಗದ ಸಾಲ ಇತ್ತು. ನಮ್ಮಲ್ಲಿ ಚೀಟಿ ಹಾಕುತ್ತಾರಲ್ಲ, ಹಂಗೆ ದುಡ್ಡು ಕೂಡಿಸಿ ಒಬ್ಬರಾದ ಮೇಲೆ ಒಬ್ಬರು ಕಾರ್ಖಾನೆ ಹಾಕಿದರು. ಭೂಮಿ ಇಲ್ಲದ, ಸಾಲ ಹುಟ್ಟದ ದಲಿತನ ಹತ್ತಿರ ಕಸುಬು ಮಾತ್ರ ಇತ್ತು. ಜಾತಿಯಿಂದ ಅವನಿಗೆ ಉಳಿದದ್ದು ಮೈಲಿಗೆ. ಅದೇ ಮೈಲಿಗೆಯಿಂದ ಪರದೇಶದವನಿಗೆ ಬಂಡವಾಳ ಹುಟ್ಟಿತು.

ಆ ಪರದೇಶದವನನ್ನಾದರೂ ಪ್ರಭುತ್ವ ನೆಮ್ಮದಿಯಾಗಿ ಬಿಟ್ಟಿತೇ? 1962ರ ಅಕ್ಟೋಬರಿನಲ್ಲಿ ಗಡಿಯಲ್ಲಿ ಯುದ್ಧವಾಯಿತು. ಅದೇ ವರ್ಷ ಬಂದ ಕಾನೂನು ತಂದೆ ತಾಯಿ, ಅಜ್ಜ ಅಜ್ಜಿಯರಲ್ಲಿ ಒಬ್ಬರು ಚೀನೀ ಪ್ರಜೆಯಾಗಿದ್ದರೂ ಸಾಕು ಅಂತ ಬಗೆಯಿತು. ಅಸ್ಸಾಂ, ಮೇಘಾಲಯ, ಬಂಗಾಳದ ಕಡೆಯಿಂದ ಸುಮಾರು ಮೂರು ಸಾವಿರ ಜನರನ್ನು, ಮಕ್ಕಳು ಮುದುಕರನ್ನೂ ಬಿಡದೆ, ರೈಲಿಗೆ ತುಂಬಿ ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಕೂಡಿಹಾಕಿದರು. ಯುದ್ಧ ಒಂದೇ ತಿಂಗಳಲ್ಲಿ ನಿಂತರೂ ಕೊನೆಯವರು ಹೊರಬಂದದ್ದು 1967ರಲ್ಲಿ. ಯಾರ ಮೇಲೂ ವಿಚಾರಣೆ ನಡೆಯಲಿಲ್ಲ. ಕಲ್ಕತ್ತದ ಚೀನೀಯರು ಊರು ಬಿಟ್ಟು ಹೊರಡಬೇಕಾದರೆ ಪೊಲೀಸರ ಅಪ್ಪಣೆ ಕೇಳಬೇಕಾಯಿತು. ಆಮೇಲಿನ ವರ್ಷಗಳಲ್ಲಿ ಬಹಳ ಕುಟುಂಬಗಳು ಕೆನಡಾದ ಟೊರಾಂಟೋ ಕಡೆ ಹೊರಟುಹೋದವು. ಹುಟ್ಟಿನಿಂದಲೇ ಮನುಷ್ಯನಿಗೆ ಕಳಂಕ ಅಂಟಿಸುವುದನ್ನು ಈ ದೇಶ ಹೊಸದಾಗಿ ಕಲಿಯಬೇಕಿರಲಿಲ್ಲ.

1996ರ ಡಿಸೆಂಬರ್ 19ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಟ್ಯಾಂಗ್ರಾ, ತಿಲಜಲಾ, ತೋಪ್ಸಿಯಾಗಳ ಐನೂರಕ್ಕೂ ಮೇಲ್ಪಟ್ಟ ಹದ ಕಾರ್ಖಾನೆಗಳು ನೀರು ಕೆಡಿಸುತ್ತಿವೆ, ಶಹರದ ಹೊರಗೆ ಬಾನ್ತಲಾಕ್ಕೆ ಹೋಗಬೇಕು ಅಂತ. ನೀರು ಕೆಟ್ಟಿದ್ದು ನಿಜ. ಆ ನೀರಿನಲ್ಲಿ ನಿಂತವರ ಕಾಲು ಮೊದಲು ಕೆಟ್ಟಿದ್ದೂ ನಿಜ. ಕಾರ್ಮಿಕರ ಸಂಬಳ, ಪರಿಹಾರದ ಮಾತೂ ತೀರ್ಪಿನಲ್ಲಿತ್ತು. ಕೆಲವು ಮಾಲೀಕರು ಬಾನ್ತಲಾಕ್ಕೆ ಹೋದರು, ಕೆಲವರು ಕಾರ್ಖಾನೆ ಮುಚ್ಚಿ ಅದೇ ಕಟ್ಟಡದಲ್ಲಿ ಹೋಟೆಲು ಇಟ್ಟರು. ತೊಗಲು ಹೆರೆಯುವವನಿಗೆ ಹೋಟೆಲಿನಲ್ಲಿ ಏನು ಕೆಲಸ?

ಬಾನ್ತಲಾದ ಕಥೆಯನ್ನೂ ಕೇಳಿ. 2025ರ ಜನವರಿ 29ರಂದು ಸುಪ್ರೀಂ ಕೋರ್ಟು ಆರು ಮಹಾನಗರಗಳಲ್ಲಿ ಮನುಷ್ಯರನ್ನು ಚರಂಡಿಗೆ ಇಳಿಸಕೂಡದು ಅಂತ ಆಜ್ಞೆ ಮಾಡಿತು. ಕಲ್ಕತ್ತವೂ ನಮ್ಮ ಬೆಂಗಳೂರೂ ಆ ಪಟ್ಟಿಯಲ್ಲಿದ್ದವು. ನಾಲ್ಕೇ ದಿನಕ್ಕೆ, ಫೆಬ್ರವರಿ 2ರಂದು, ಬಾನ್ತಲಾದ ಚರ್ಮ ಕೈಗಾರಿಕಾ ಪ್ರದೇಶದ ಮ್ಯಾನ್‌ಹೋಲಿನಲ್ಲಿ ಮೂವರು ಕೂಲಿಗಳು ಸತ್ತರು. ಕಾರ್ಖಾನೆಗಳು ಊರು ಬದಲಾಯಿಸಿದರೂ ಹೊಲಸಿಗೆ ಇಳಿಯುವವನ ಪಾಡು ಬದಲಾಗಲಿಲ್ಲ.

ಟ್ಯಾಂಗ್ರಾದ ಚೀನೀಯರ ನೋವು ಸಣ್ಣದಲ್ಲ. ದೇವಲಿಯ ಅನ್ಯಾಯವನ್ನು ಅದನ್ನು ಉಂಡವರು ಈಗ ತಾವೇ ಬಾಯಿಬಿಟ್ಟು ಹೇಳುತ್ತಿದ್ದಾರೆ, ನಾವು ಕೇಳಿಸಿಕೊಳ್ಳಬೇಕು. ಆದರೆ ಅದೇ ಗೋಡೆಯೊಳಗೆ ದುಡಿದ ಬಿಹಾರದ ದಲಿತನ ಚರಿತ್ರೆಯನ್ನು ಬರೆಯುವವರು ಯಾರು? ಮೇಷ್ಟರುಗಳು ವಲಸೆಯ ಪಾಠ ಮಾಡುವಾಗ ಈ ಕೇರಿಯ ಹೆಸರು ಹೇಳಲಿ. ಬೀದಿಯನ್ನು ಯಾರ ಹೆಸರಿನಿಂದ ಕರೆಯುತ್ತಾರೆ, ಅಲ್ಲಿ ಬೆವರು ಸುರಿಸಿದವರು ಯಾರು ಅಂತ ಹುಡುಗರು ಎರಡನ್ನೂ ಕೇಳುವುದನ್ನು ಕಲಿಯಲಿ.