ಚಾಥಮ್‌ನಲ್ಲಿ ನಿಲ್ಲದ ಹಗ್ಗದ ಕೆಲಸ

1984ರ ಮಾರ್ಚ್ 31ರಂದು ಬ್ರಿಟಿಷ್ ನೌಕಾಪಡೆ ಚಾಥಮ್ ಹಡಗುಕಟ್ಟೆಗೆ ಬೀಗ ಹಾಕಿತು. ನಾಲ್ಕು ಶತಮಾನಗಳ ಕೆಲಸ ಅಲ್ಲಿಗೆ ಮುಗಿಯಿತು; ಮೆಡ್ವೇ ನದಿಯ ದಂಡೆಯಲ್ಲಿ ಸಾವಿರಾರು ಮನೆಗಳ ಸಂಪಾದನೆಯೂ ನಿಂತಿತು. ಹಳೆಯ ಕಟ್ಟಡಗಳಿದ್ದ 80 ಎಕರೆ ಮಾತ್ರ ಒಂದು ಟ್ರಸ್ಟಿನ ಕೈಸೇರಿತು. ನಲವತ್ತು ವರ್ಷ ದಾಟಿದ ಆ ಟ್ರಸ್ಟು ಉಳಿಸಿಕೊಂಡದ್ದೇನು ಎಂದು ನೋಡಲು ನಾವು ಕೆಲವು ಗೆಳೆಯರು ಚಿತ್ರಾನ್ನದ ಬುತ್ತಿ ಕಟ್ಟಿಕೊಂಡು ಲಂಡನ್ನಿನಿಂದ ರೈಲು ಹತ್ತಿದೆವು.

ನೌಕಾಪಡೆಯ ನಾಯಕ ನೆಲ್ಸನ್ ಪ್ರಾಣಬಿಟ್ಟ ‘ವಿಕ್ಟರಿ’ ಹಡಗು 1765ರಲ್ಲಿ ನೀರಿಗಿಳಿದದ್ದು ಇಲ್ಲೇ. 1667ರಲ್ಲಿ ಡಚ್ಚರು ನುಗ್ಗಿ ಹಡಗುಗಳನ್ನು ಸುಟ್ಟು, ‘ರಾಯಲ್ ಚಾರ್ಲ್ಸ್’ ಎಂಬ ಯುದ್ಧನೌಕೆಯನ್ನು ಎಳೆದೊಯ್ದ ಅವಮಾನವೂ ಇದೇ ನದಿಯದು. ಕಾದಂಬರಿಕಾರ ಡಿಕನ್ಸನ ಅಪ್ಪ ಇಲ್ಲಿನ ಸಂಬಳದ ಕಚೇರಿಯಲ್ಲಿ ಗುಮಾಸ್ತನಾಗಿದ್ದ. 1962ರಲ್ಲಿ ಇಲ್ಲೇ ನೀರಿಗಿಳಿದ ‘ಆಸಿಲಾಟ್’ ಜಲಾಂತರ್ಗಾಮಿಯ ದುಂಡು ಬಾಗಿಲುಗಳಲ್ಲಿ ನುಸುಳುವಾಗ ನಮ್ಮಲ್ಲಿ ಇಬ್ಬರ ಹೊಟ್ಟೆ ತಕರಾರು ಮಾಡಿತು. ಬಂಡಿಚಕ್ರ ಮಾಡುವ ಕಾರ್ಯಾಗಾರದ ನೆಲದಡಿ ‘ನಾಮೂರ್’ ಎಂಬ ಹಳೆಯ ಯುದ್ಧನೌಕೆಯ ತೊಲೆಗಳು 1995ರಲ್ಲಿ ಸಿಕ್ಕವಂತೆ. ಅದೂ 1756ರಲ್ಲಿ ಇಲ್ಲೇ ಹುಟ್ಟಿದ ಹಡಗು.

ಆದರೆ ಟ್ರಸ್ಟು ಮಾಡಿದ ಜಾಣ ಕೆಲಸವೆಂದರೆ ಹಗ್ಗದ ಕಾರ್ಖಾನೆಯನ್ನು ನಿಲ್ಲಿಸದೆ ಇದ್ದದ್ದು. 1618ರಿಂದ ಚಾಥಮ್‌ನಲ್ಲಿ ಹಗ್ಗ ಹೊಸೆಯುತ್ತಿದ್ದಾರೆ. ಈಗಿನ ಇಟ್ಟಿಗೆ ಕಟ್ಟಡ ಮುಗಿದದ್ದು 1791ರ ಹೊತ್ತಿಗೆ. ಉದ್ದ ಸುಮಾರು ಕಾಲು ಮೈಲಿ. ನಡುವೆ ಗಂಟಿಲ್ಲದ ಉದ್ದನೆಯ ಹಗ್ಗ ಬೇಕಾದರೆ ಅಷ್ಟುದ್ದ ಜಾಗ ಬೇಕೇ ಬೇಕು. ನೂಲುಗಳನ್ನು ಒಂದು ದಿಕ್ಕಿಗೆ ತಿರುಚಿ ಹುರಿ ಮಾಡುತ್ತಾರೆ. ಮೂರು ಹುರಿಗಳನ್ನು ಸೇರಿಸಿ ಎದುರು ದಿಕ್ಕಿಗೆ ತಿರುಚುತ್ತಾರೆ. ಒಂದು ಬಿಚ್ಚಿಕೊಳ್ಳಲು ಹೊರಟರೆ ಇನ್ನೊಂದು ಬಿಗಿಯಾಗುತ್ತದೆ. ತಿರುಚಿದಷ್ಟೂ ಹಗ್ಗ ಗಿಡ್ಡವಾಗುವುದರಿಂದ, ಅದರ ತುದಿ ಕಟ್ಟಿದ ಗಾಡಿ ತಾನಾಗಿ ಮುಂದೆ ಸರಿಯುತ್ತ ಬರುತ್ತದೆ. 1811ರ ಯಂತ್ರವೊಂದು ಇನ್ನೂ ದುಡಿಯುತ್ತಿದೆ. ಹಗ್ಗ ಮಾರಾಟಕ್ಕೂ ಹೋಗುತ್ತದೆ, ಬರೀ ಪ್ರದರ್ಶನಕ್ಕಲ್ಲ.

ನೋಡಬಂದವರ ಕೈಗೂ ಹಿಡಿಕೆ ಕೊಟ್ಟು ತಿರುಗಿಸಲು ಹೇಳುತ್ತಾರೆ. ಗದಗಿನ ಕಡೆಯ ನಮ್ಮ ಗೆಳೆಯರೊಬ್ಬರು ಹಿಡಿಕೆ ಬಿಡಲೇ ಇಲ್ಲ. “ನಮ್ಮಪ್ಪ ಪುಂಡಿನಾರಿನ ಹಗ್ಗ ಹೊಸೀವಾಗ ನಾನೂ ಹಿಂಗ ಎದುರಿಗೆ ನಿಂತು ತಿರುವತಿದ್ದೆರಿ” ಎಂದರು.

ನೌಕಾಪಡೆಯ ಹಗ್ಗಕ್ಕೆ ಕಳ್ಳರ ಕಾಟ ವಿಪರೀತವಾಗಿತ್ತು. ಹಾಗಾಗಿ ಒಳಗೆ ಬೇರೆ ಬಣ್ಣದ ಒಂದು ಎಳೆಯನ್ನು ಸೇರಿಸಿ ಹೊಸೆಯುತ್ತಿದ್ದರು. ಎಲ್ಲಿ ತುಂಡು ಮಾಡಿದರೂ ಅದು ಸರ್ಕಾರದ ಸೊತ್ತೆಂದು ಗೊತ್ತಾಗುತ್ತಿತ್ತು. ಇದನ್ನು ಕೇಳಿದ್ದೇ ಗದಗಿನ ಗೆಳೆಯರು ತಲೆದೂಗಿದರು: “ಈ ಉಪಾಯ ನಮ್ಮೂರಾಗ ಗೊತ್ತಿದ್ರ, ಬಾವಿ ಹಗ್ಗ ಯಾರು ಒಯ್ದ್ರು ಅನ್ನೋ ದಿನದ ಜಗಳಾನ ಇರ್ತಿರ್ಲಿಲ್ಲ ನೋಡ್ರಿ.”