ಮಂಡಪಂ ಶಿಬಿರ ಮತ್ತು ಕಂಬಂ ಕಣಿವೆ: ಕಡಲಾಚೆಯ ಪ್ರಯಾಣದ ಆರೋಗ್ಯ ನಿರ್ಬಂಧಗಳು

ದಿಂಡಿಗಲ್ 1985ರಲ್ಲಿಯೂ ತೇನಿ 1996ರಲ್ಲಿಯೂ ಪ್ರತ್ಯೇಕ ಜಿಲ್ಲೆಗಳಾದವು. ಅದಕ್ಕೆ ಮೊದಲು ಇವೆರಡೂ ಮದುರೆ ಜಿಲ್ಲೆಗೆ ಸೇರಿದ್ದವು. ದಿಂಡಿಗಲ್ಲಿಗೆ ಹೈದರಾಲಿ 1755ರಲ್ಲಿ ಫೌಜುದಾರನಾಗಿ ಬಂದನು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಆ ಸೀಮೆ ಇಂಗ್ಲಿಷರ ಪಾಲಾಯಿತು. ಆದರೆ ಅಲ್ಲಿನ ಕನ್ನಡವನ್ನು ಆ ರಾಜಕೀಯದಿಂದ ಮಾತ್ರ ವಿವರಿಸಲಾಗದು. ಕಪ್ಪಿಲಿಯರು, ಅನುಪ್ಪರು, ಒಕ್ಕಲಿಗರು ಮೊದಲಾದ ಬೇಸಾಯದ ಸಮುದಾಯಗಳು ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿವೆ. ಥರ್ಸ್ಟನ್ನನು 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಬುಡಕಟ್ಟುಗಳ ಗ್ರಂಥದಲ್ಲಿ ಕಪ್ಪಿಲಿಯರೂ ಅನುಪ್ಪರೂ ಕನ್ನಡ ಬೇಸಾಯಗಾರರೆಂದೇ ದಾಖಲಾಗಿದ್ದಾರೆ.

ಈ ಮದುರೆ ಜಿಲ್ಲೆಯು ಸಿಲೋನಿನ ತೋಟಗಳಿಗೆ ಆಳುಗಳನ್ನು ಒದಗಿಸಿದ ಜಿಲ್ಲೆಗಳಲ್ಲಿ ಒಂದು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ ತೋಟಗಳಿಗೆ ಹೊರಟವರು ಕಂಗಾಣಿಯ ಹಿಂದೆ ರಾಮನಾಡಿನ ಕರಾವಳಿಯವರೆಗೆ ನಡೆದು, ದೋಣಿಯಲ್ಲಿ ಮನ್ನಾರ್ ತಲುಪಿ, ಅಲ್ಲಿಂದ ಕಾಡುದಾರಿಯಲ್ಲಿ ಮಾತಳೆಯ ಕಡೆಗೆ ಸಾಗುತ್ತಿದ್ದರು. ನೀರಿಲ್ಲದ, ನೆರಳಿಲ್ಲದ ಆ ದಾರಿಯಲ್ಲಿ ಕಾಲರಾ, ಸಿಡುಬು ಮತ್ತು ಜ್ವರಗಳಿಗೆ ಅನೇಕರು ಬಲಿಯಾದರು. ಗಡಿ ದಾಟುವವನ ಆರೋಗ್ಯವನ್ನು ಕಾಯುವ ಕ್ರಮಬದ್ಧ ವ್ಯವಸ್ಥೆ ಆಗ ಇರಲಿಲ್ಲ.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡ ಮೇಲೆ ಪರಿಸ್ಥಿತಿ ಬದಲಾಯಿತು. 1897ರಲ್ಲಿ ಭಾರತ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತು. ಅದೇ ವರ್ಷ ವೆನಿಸ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಪ್ಲೇಗಿನ ಬಗೆಗೆ ಹಡಗುಗಳೂ ಬಂದರುಗಳೂ ಪಾಲಿಸಬೇಕಾದ ಕಟ್ಟಳೆಗಳನ್ನು ರೂಪಿಸಿತು. 1898ರಲ್ಲಿ ಪ್ಲೇಗು ಬೆಂಗಳೂರನ್ನೂ ತಲುಪಿತು. ತೋಟಗಳ ದುಡಿಮೆ ನಿಲ್ಲಬಾರದು, ರೋಗವೂ ಒಳಗೆ ಬರಬಾರದು ಎಂಬುದು ಸಿಲೋನ್ ಸರ್ಕಾರದ ಆತಂಕವಾಗಿತ್ತು. ಅದಕ್ಕೆ ಅದು ಕಂಡುಕೊಂಡ ಉಪಾಯವೆಂದರೆ ತನ್ನ ಆರೋಗ್ಯದ ಹೆಬ್ಬಾಗಿಲನ್ನು ಭಾರತದ ನೆಲದಲ್ಲಿಯೇ ನಿಲ್ಲಿಸುವುದು. ಮೊದಲು ತೂತ್ತುಕುಡಿಯ ಬಳಿಯ ತಟ್ಟಪ್ಪಾರೈಯಲ್ಲಿ, ಅನಂತರ ಮಂಡಪದಲ್ಲಿ ಸಿಲೋನ್ ಸರ್ಕಾರದ ಶಿಬಿರಗಳು ನಡೆದವು.

1914ರಲ್ಲಿ ಪಾಂಬನ್ ಸೇತುವೆ ತೆರೆದು, ಧನುಷ್ಕೋಟಿಯಿಂದ ತಲೈಮನ್ನಾರಿಗೆ ಹಡಗಿನ ಸಂಪರ್ಕ ಆರಂಭವಾದ ಮೇಲೆ ಮಂಡಪವೇ ಮುಖ್ಯ ದ್ವಾರವಾಯಿತು. ಕೂಲಿಯಾಗಿ ಹೊರಟವನು ಅಲ್ಲಿ ರೈಲಿನಿಂದಿಳಿದು ಕೆಲವು ದಿನ ತಂಗಬೇಕಾಗಿತ್ತು. ಉಟ್ಟ ಬಟ್ಟೆಗಳನ್ನು ಹಬೆಯಲ್ಲಿ ಶುದ್ಧಿಗೊಳಿಸುತ್ತಿದ್ದರು, ಸಿಡುಬಿಗೆ ದೇವಿ ಹಾಕುತ್ತಿದ್ದರು, ರೋಗದ ಚಿಹ್ನೆಗಳಿಗಾಗಿ ಮೈ ಪರೀಕ್ಷಿಸುತ್ತಿದ್ದರು. ಅವನ ಕೈಯಲ್ಲಿದ್ದ ಗುರುತೆಂದರೆ ತೋಟದ ಸಂಖ್ಯೆಯನ್ನು ಒತ್ತಿದ ತಗಡಿನ ಬಿಲ್ಲೆ. ಪ್ರಯಾಣದ ಖರ್ಚನ್ನು ಯಾವ ತೋಟದ ಲೆಕ್ಕಕ್ಕೆ ಬರೆಯಬೇಕೆಂಬುದನ್ನು ಅದು ಹೇಳುತ್ತಿತ್ತು. ಮೇಲಿನ ದರ್ಜೆಯ ಪ್ರಯಾಣಿಕರಿಗೆ ಸಾಮಾನ್ಯವಾಗಿ ವೈದ್ಯರ ತಪಾಸಣೆ ಮತ್ತು ಪರವಾನಗಿ ಸಾಕಾಗುತ್ತಿತ್ತು. ರೋಗದ ಭಯ ಒಂದೇ ಆದರೂ ನಿರ್ಬಂಧದ ಭಾರ ಎಲ್ಲರ ಮೇಲೆ ಸಮನಾಗಿ ಬೀಳಲಿಲ್ಲ.

ಈ ವ್ಯವಸ್ಥೆಯಿಂದ ಲಾಭವೇ ಇರಲಿಲ್ಲವೆನ್ನುವುದು ನ್ಯಾಯವಲ್ಲ. ಹಳೆಯ ಕಾಡುದಾರಿಯ ಸಾವುಗಳೊಡನೆ ಹೋಲಿಸಿದರೆ ಸೂರು, ಅನ್ನ, ದೇವಿ ಹಾಕುವಿಕೆಗಳಿದ್ದ ಶಿಬಿರವು ಪ್ರಯಾಣಿಕನಿಗೂ ರಕ್ಷಣೆ ನೀಡಿತು. ಆದರೆ ಅದರ ಮಿತಿಯನ್ನು ಪ್ಲೇಗೇ ತೋರಿಸಿಕೊಟ್ಟಿತು. ಮಂಡಪದ ದಾರಿ ತೆರೆದ 1914ರಲ್ಲಿಯೇ ಕೊಲಂಬೊ ನಗರದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಧಾನ್ಯದ ಗೋದಾಮುಗಳು ದಟ್ಟವಾಗಿದ್ದ ಬಂದರಿನ ಬಳಿಯ ಪೇಟೆಯಲ್ಲಿ ಅದು ಬೇರುಬಿಟ್ಟಿತು. ಪ್ಲೇಗು ಮುಖ್ಯವಾಗಿ ಇಲಿಗಳ ರೋಗ. ಇಲಿಯ ಮೈಮೇಲಿನ ಚಿಗಟದ ಮೂಲಕ ಅದು ಮನುಷ್ಯನಿಗೆ ತಗಲುತ್ತದೆ. ಮನುಷ್ಯನನ್ನು ತಡೆದು ನಿಲ್ಲಿಸಿದರೂ ಧಾನ್ಯದ ಮೂಟೆಯೊಡನೆ ಇಲಿ ಮತ್ತು ಚಿಗಟ ಸಾಗಬಲ್ಲವು. ಇಲಿಚಿಗಟಗಳಲ್ಲಿಯೂ ಪ್ರಭೇದಗಳುಂಟು, ಅವೆಲ್ಲವೂ ಒಂದೇ ಪ್ರಮಾಣದಲ್ಲಿ ಪ್ಲೇಗನ್ನು ಹರಡಲಾರವು ಎಂಬ ಮುಖ್ಯ ವಿಚಾರವನ್ನು ಮುಂದಿಟ್ಟವರು ಕೊಲಂಬೊದಲ್ಲಿಯೇ ದುಡಿಯುತ್ತಿದ್ದ ಫೇಬಿಯನ್ ಹರ್ಸ್ಟ್.

ಇತ್ತ ಕಂಬಂ ಕಣಿವೆಯಲ್ಲಿ ಪ್ಲೇಗು ಬಂದುಹೋಗುವ ಅತಿಥಿಯಾಗಿ ಉಳಿಯದೆ ಮತ್ತೆ ಮತ್ತೆ ಮರಳುವ ಪೀಡೆಯಾಯಿತು. 1895ರಲ್ಲಿ ಪೆರಿಯಾರ್ ಅಣೆಕಟ್ಟಿನ ನೀರು ಹರಿದು ಬಂದ ಈ ಕಣಿವೆಯು ಭತ್ತದ ಬೆಳೆಗೂ ಧಾನ್ಯದ ಸಾಗಾಟಕ್ಕೂ ಹೆಸರಾದದ್ದು. ಧಾನ್ಯ ತುಂಬಿದ ಮನೆಯಲ್ಲಿ ಇಲಿಗೆ ಬಿಲವೂ ಆಹಾರವೂ ಒಟ್ಟಿಗೆ ದೊರೆಯುತ್ತವೆ. ಈ ಕಣಿವೆಯ ಪ್ಲೇಗನ್ನೇ ವಿಷಯವಾಗಿಸಿಕೊಂಡ ಜಾರ್ಜ್ ಮತ್ತು ವೆಬ್‌ಸ್ಟರ್ ಅವರ ವೈಜ್ಞಾನಿಕ ವಿಚಾರಣೆ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪತ್ರಿಕೆಯಲ್ಲಿ ಪ್ರಕಟವಾದದ್ದು 1934ರಲ್ಲಿ. ಅಂದರೆ ಮಂಡಪದ ದಾರಿ ತೆರೆದ ಇಪ್ಪತ್ತು ವರ್ಷಗಳ ಅನಂತರ. ಕಣಿವೆಯಿಂದ ಹೊರಡುವವನ ಮೈಯನ್ನು ಪರೀಕ್ಷಿಸುವ ಏರ್ಪಾಡು ಮೊದಲು ಬಂದಿತು. ಅವನ ಮನೆಯ ಇಲಿಬಿಲವನ್ನು ಪರೀಕ್ಷಿಸುವ ಶಾಸ್ತ್ರ ಬಹಳ ತಡವಾಗಿ ಬಂದಿತು.

ಭಾಷೆಯ ದೃಷ್ಟಿಯಿಂದಲೂ ಈ ಚರಿತ್ರೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. 1911ರ ಜನಗಣತಿಯಿಂದ ಸಿಲೋನಿನಲ್ಲಿ ‘ಭಾರತೀಯ ತಮಿಳರು’ ಎಂಬ ಪ್ರತ್ಯೇಕ ವರ್ಗ ರೂಢಿಗೆ ಬಂದಿತು. ತೋಟಗಳ ಜನರನ್ನು ಲೋಕವು ಆ ಹೆಸರಿನಿಂದಲೇ ಗುರುತಿಸಿತು. ಮದುರೆ ಜಿಲ್ಲೆಯವನೊಬ್ಬ ಮನೆಯಲ್ಲಿ ಕನ್ನಡವನ್ನಾಡಿ ಬೀದಿಯಲ್ಲಿ ತಮಿಳನ್ನಾಡುವವನಾಗಿದ್ದರೆ ಅವನ ಮನೆಮಾತು ಆ ಹೆಸರಿನೊಳಗೆ ಮರೆಯಾಗುತ್ತಿತ್ತು. ಆದ್ದರಿಂದ ಕಡಲಾಚೆಗೆ ಹೋದ ಕನ್ನಡ ಕುಟುಂಬಗಳ ಜಾಡನ್ನು ಹುಡುಕುವವರು ಜನಗಣತಿಯ ಅಂಕಿಗಳಿಗಿಂತ ಮನೆತನದ ನೆನಪುಗಳನ್ನೂ ಕುಲದೇವತೆಯ ಹೆಸರುಗಳನ್ನೂ ಹೆಚ್ಚು ಆಶ್ರಯಿಸಬೇಕಾಗುತ್ತದೆ.

1939ರಲ್ಲಿ ಭಾರತ ಸರ್ಕಾರ ಸಿಲೋನಿಗೆ ಕೂಲಿಗಳ ವಲಸೆಯನ್ನು ನಿಷೇಧಿಸಿತು. 1964ರ ಒಪ್ಪಂದದ ಅನಂತರ ತೋಟಗಳಿಂದ ಹಿಂದಿರುಗಿದವರನ್ನು ಇದೇ ಮಂಡಪಂ ಶಿಬಿರ ಬರಮಾಡಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ 1951ರ ನಿಯಮಗಳು ಪ್ಲೇಗು, ಕಾಲರಾ, ಸಿಡುಬು, ಹಳದಿ ಜ್ವರ ಸೇರಿದಂತೆ ಆರು ರೋಗಗಳನ್ನು ನಿರ್ಬಂಧಕ್ಕೆ ಒಳಪಡಿಸಿದವು. ಸಿಡುಬು ಅಳಿದ ಮೇಲೆ ಅದರ ಪ್ರಮಾಣಪತ್ರವೂ ಅಳಿಯಿತು. ಇಂದು ಹಳದಿ ಜ್ವರವಿರುವ ಆಫ್ರಿಕದ ದೇಶಗಳಿಗೆ ಹೊರಡುವವರು ಚುಚ್ಚುಮದ್ದು ಪಡೆದು ಪ್ರಮಾಣಪತ್ರವನ್ನು ಒಯ್ಯುತ್ತಾರೆ. ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರು ಕ್ಷಯ ಮೊದಲಾದ ರೋಗಗಳ ತಪಾಸಣೆಗೆ ಒಳಗಾಗುತ್ತಾರೆ.

2005ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳು ಗಡಿಯ ತಪಾಸಣೆಯೊಂದನ್ನೇ ನೆಚ್ಚದೆ, ರೋಗವನ್ನು ಅದು ಹುಟ್ಟಿದ ಊರಿನಲ್ಲಿಯೇ ಗುರುತಿಸಿ ಹತೋಟಿಗೆ ತರುವ ಶಕ್ತಿಯನ್ನು ಪ್ರತಿಯೊಂದು ದೇಶವೂ ಬೆಳೆಸಿಕೊಳ್ಳಬೇಕೆಂದು ವಿಧಿಸಿವೆ. ಕಂಬಂ ಕಣಿವೆಯ ಒಕ್ಕಲುಮನೆಗಳಿಗೆ ನೂರು ವರ್ಷಗಳ ಹಿಂದೆ ಬೇಕಾಗಿದ್ದುದು ಇದೇ ಆಗಿತ್ತು.